ಅಪ್ಪನ ಅಂಗಡಿಯ ಕುರ್ಚಿ

ಊರಿನವರ ಬಾಯಲ್ಲಿ ಅವನ ಹೆಸರು ಮೊಂಡ. ತನ್ನ ಕೆಳಗಿನ ಬೀದಿಯವರು ಕೂರಬಾರದ ಜಾಗ ಕಂಡರೆ ಸಾಕು, ಹೋಗಿ ಕೂರುವುದೇ ಅವನ ಕಸುಬು. ಎತ್ತಿ ಬಿಸಾಡಿದರೆ ಮಣ್ಣು ಕೊಡವಿಕೊಂಡು ಮತ್ತೆ ಅಲ್ಲೇ ಕೂರುವ ಭಂಡ. ಬಸ್ಸಿನ ಮುಂದಿನ ಸೀಟು, ಗ್ರಂಥಾಲಯದ ಮೇಜು, ಆಸ್ಪತ್ರೆಯ ಹಜಾರ, ಒಂದೊಂದಕ್ಕೂ ಲಾಠಿ ಏಟು ತಿಂದು, ಮೂರು ಸಲ ಜೈಲು ಕಂಡು, ಕೊನೆಗೆ ಕೋರ್ಟಿನಲ್ಲಿ ಗೆದ್ದ. ಇನ್ನು ಯಾವ ಅಂಗಡಿಯಲ್ಲೂ ಯಾರನ್ನೂ ಹಿಂಬಾಗಿಲಿಗೆ ಕಳಿಸುವಂತಿಲ್ಲ ಎಂದು ತೀರ್ಪು ಬಂದ ದಿನ, ಅವನದೇ ಬೀದಿಯಲ್ಲಿ ಬಟ್ಟೆ ಹೊಲಿಯುವ ಅತ್ತೆಯೊಬ್ಬಳು ಕುಟುಕಿದಳು.

"ಊರಿಗೆಲ್ಲ ಬುದ್ಧಿ ಹೇಳ್ತೀಯ. ನಿಮ್ಮಪ್ಪ ಇನ್ನೂ ನಮ್ಮೋರಿಗೆ ಹಿತ್ತಿಲ ಬೆಂಚಲ್ಲೇ ಕಟಿಂಗ್ ಮಾಡ್ತಾನಲ್ಲ, ಅದಕ್ಕೇನಂತೀಯ?"

ಮಾತು ಸರಿಯಾಗಿ ನಾಟಿತು. ಅಪ್ಪನ ಕ್ಷೌರದಂಗಡಿ ಇದ್ದದ್ದು ಮೇಲಿನ ಬೀದಿಯಲ್ಲಿ. ಕುರ್ಚಿ, ಕನ್ನಡಿ, ಒಳ್ಳೆಯ ಕತ್ತರಿ ಆ ಬೀದಿಯವರಿಗೆ. ತನ್ನವರಿಗೆ ಹಿತ್ತಿಲಲ್ಲಿ ಬೇರೆ ಪೆಟ್ಟಿಗೆ, ಬೇರೆ ಬಟ್ಟೆ. ಮಗನ ತಲೆಯೂ ಚಿಕ್ಕಂದಿನಿಂದ ಬಗ್ಗಿದ್ದು ಆ ಬೆಂಚಿನ ಮೇಲೇ. ಅಪ್ಪ ಒಂದೇ ಒಂದು ಸಲ ಮುಂದೆ ಕೂರಿಸಿದರೆ ತಿಂದ ಏಟನ್ನೆಲ್ಲ ಮರೆತೇನು ಎಂದುಕೊಂಡ.

ಮರುದಿನ ಬೆಳಿಗ್ಗೆ ಅಂಗಡಿ ತುಂಬಿರುವಾಗಲೇ ಹೋಗಿ ಕುರ್ಚಿಯಲ್ಲಿ ಕೂತ. ಸರದಿಗೆ ಕಾಯುತ್ತಿದ್ದ ಮೇಲಿನ ಬೀದಿಯ ವಕೀಲರೊಬ್ಬರು ಪತ್ರಿಕೆ ಮಡಚಿದರು.

"ಏಳೋ ಮಗನೇ," ಅಪ್ಪ ಮೆಲ್ಲಗೆ ಅಂದ. "ಸಂಜೆ ಬಾ, ಹಿಂದೆ ಮಾಡ್ತೀನಿ."

"ಇಲ್ಲೇ ಮಾಡಪ್ಪ. ಇದೇ ಕತ್ತರೀಲಿ."

ಅಪ್ಪ ವಕೀಲರ ಮುಖ ನೋಡಿದ. ಅವರು ಗಡಿಯಾರ ನೋಡಿಕೊಂಡರು. ಅಪ್ಪ ಬಟ್ಟೆ ಕೊಡವಿ ಮಗನ ಕೊರಳಿಗೆ ಕಟ್ಟಿ, ಎಂದಿನ ಅಚ್ಚುಕಟ್ಟಿನಲ್ಲಿ ಕತ್ತರಿಸಿದ. ಕಿವಿಯ ಹಿಂದೆ ಬೆರಳು ತಾಗಿದಾಗ ಮಗನ ಎದೆ ತುಂಬಿ ಬಂತು. ಇಷ್ಟು ವರ್ಷದ ಒದ್ದಾಟ ಸಾರ್ಥಕವಾಯಿತು ಅನ್ನಿಸಿತು, ಪಾಪ.

ಅವನು ಎದ್ದ. ಅಪ್ಪ ಆ ಬಟ್ಟೆಯನ್ನು ನೀರು ಕಾಯುತ್ತಿದ್ದ ಒಲೆಗೆ ತುರುಕಿದ. ಮೂವತ್ತು ವರ್ಷ ಸಾಣೆ ಹಿಡಿಸಿ ಕಾಪಾಡಿದ ಕತ್ತರಿಯನ್ನು ಕಸದ ಡಬ್ಬಿಗೆ ಎಸೆದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಆಮೇಲೆ ಕುರ್ಚಿಯ ಕೈ, ಬೆನ್ನು, ಕಾಲು, ಎಲ್ಲಕ್ಕೂ ಫಿನಾಯಿಲ್ ಹಾಕಿ ಉಜ್ಜಿದ.

"ಅಪ್ಪಾ," ಅಂದ ಮಗ.

ಅಪ್ಪ ತಿರುಗಿ ನೋಡಲಿಲ್ಲ. ಮಗನ ತಲೆ ಮುಟ್ಟಿದ ಎರಡೂ ಕೈಗಳನ್ನು ಮೊಣಕೈವರೆಗೆ ಅದೇ ಫಿನಾಯಿಲ್‌ನಲ್ಲಿ ತೊಳೆದು ವಕೀಲರ ಮುಂದೆ ಹಿಡಿದು ತೋರಿಸಿದ.

"ಈಗ ಬನ್ನಿ ಸ್ವಾಮಿ," ಅಂದ. "ಹೊಸ ಕತ್ತರಿ ತೆಗೀತೀನಿ."

ವಕೀಲರು ಆ ಕೈಗಳನ್ನು ಮೂಸಿ ನೋಡಿ, ಹೋಗಿ ಕುರ್ಚಿಯಲ್ಲಿ ಕೂತರು.