ಎಲ್ಲ ಕಟ್ಟಡಕ್ಕೂ ಒಂದೇ ಗಂಟೆ

ಬಣ್ಣದ ಶೆಡ್ಡಿಗೆ ಬೆಂಕಿ ಬಿದ್ದ ದಿನ ಗಂಟೆ ಹೊಡೆದದ್ದು ಬಣ್ಣದ ಶೆಡ್ಡಿನಲ್ಲಿ ಮಾತ್ರ. ಪಕ್ಕದ ಹೊಲಿಗೆ ಹಾಲಿಗೆ ಅದರ ಸದ್ದು ಕಿಟಕಿಯಿಂದ ಸಣ್ಣಗೆ ಕೇಳಿತು. "ಟೆಸ್ಟಿಂಗು, ಹೊಲೀರಿ," ಎಂದ ಮ್ಯಾನೇಜರ್. ಹೆಂಗಸರು ಹೊಲಿದರು. ಬೆಂಕಿ ಹಾಲಿಗೂ ಹಬ್ಬಿತು, ಮೂವರು ಹೊರಗೆ ಬರಲಿಲ್ಲ.

ಅವರಲ್ಲಿ ಒಬ್ಬಳು ಕಾಲರ್ ಅಕ್ಕನ ತಂಗಿ. ಅಂಗಿಯ ಕಾಲರ್ ಹೊಲಿಯುವುದರಲ್ಲಿ ಮೀರಿಸುವವರಿಲ್ಲದ್ದರಿಂದ ಅಕ್ಕನಿಗೆ ಆ ಹೆಸರು ಬಿದ್ದಿತ್ತು. ಸುಟ್ಟ ಗೋಡೆಗೆ ಸುಣ್ಣ ಬಳಿದು ಮತ್ತೆ ಮಷೀನು ಜೋಡಿಸಿದಾಗ ಅವಳು ಬಂದು ಕೂತಳು, ಪೆಡಲಿನ ಮೇಲೆ ಕಾಲಿಡಲಿಲ್ಲ. ಪಕ್ಕದವಳೂ ಇಡಲಿಲ್ಲ. ಹಾಲಿಗೆ ಹಾಲೇ ಕೈಕಟ್ಟಿ ಕೂತಿತು. ಅವರ ಬೇಡಿಕೆ ಇಷ್ಟೇ: ಒಂದು ಕಡೆ ಹೊಗೆಯೆದ್ದರೆ ಎಲ್ಲ ಕಟ್ಟಡದಲ್ಲೂ ಗಂಟೆ ಹೊಡೆಯಬೇಕು. ನಿಲ್ಲಿಸುವ ಕೀ ತಮ್ಮಲ್ಲೊಬ್ಬಳ ಕೈಯಲ್ಲಿರಬೇಕು. ಕೊನೆಯ ಜೀವವೂ ಅಂಗಳಕ್ಕೆ ಬರುವ ತನಕ ಅದನ್ನು ತಿರುಗಿಸಕೂಡದು. ಮಾಲೀಕ ಬೈದ, ಬೆದರಿಸಿದ, ಗೇಟಿಗೆ ಬೀಗ ಜಡಿಸಿದ. ಆರ್ಡರಿನ ಗಡುವು ಕುತ್ತಿಗೆಗೆ ಬಂದಾಗ ಒಪ್ಪಿದ.

ಅಲಾರಂ ಮೆಕ್ಯಾನಿಕ್ ವಾರವಿಡೀ ಕೆಂಪು ವೈರು ಎಳೆದ. ಬಣ್ಣದ ಶೆಡ್ಡು, ಹೊಲಿಗೆ ಹಾಲು, ಗೋದಾಮು, ಆಫೀಸು: ಒಂದರ ಸುದ್ದಿ ಇನ್ನೊಂದಕ್ಕಿಲ್ಲದೆ ತಮ್ಮ ತಮ್ಮ ಗೋಡೆಗೆ ಅಂಟಿಕೊಂಡಿದ್ದ ಗಂಟೆಯ ಪ್ಯಾನೆಲ್ಲುಗಳನ್ನು ಪೋಣಿಸಿ ಗೇಟಿನ ಬಳಿಯ ದೊಡ್ಡ ಪ್ಯಾನೆಲ್ಲಿಗೆ ಸೇರಿಸಿದ.

"ಇದೇನಣ್ಣ, ಊರೆಲ್ಲಾ ಸುತ್ತಿ ವೈರು ಹೊರಟ ಜಾಗಕ್ಕೇ ಬಂತಲ್ಲ?" ಎಂದು ಅಕ್ಕ ಕೇಳಿದ್ದಳು.

"ಬರ್ಲೇಬೇಕು ಕಣಕ್ಕ. ಒಂದು ಕಡೆ ಸುಟ್ಟೋದ್ರೂ ಇನ್ನೊಂದು ಕಡೆಯಿಂದ ಸುದ್ದಿ ಮುಟ್ಟುತ್ತೆ."

"ನಮ್ಮ ಹಾಲಿನ ಥರಾನೇ ಅನ್ನು. ಒಬ್ಬಳ ಬಾಯಿ ಮುಚ್ಚಿಸಿದ್ರೆ ಇನ್ನೊಬ್ಬಳು ಶುರು ಹಚ್ಕೋತಾಳೆ."

ಇವತ್ತು ಪರೀಕ್ಷೆ. ಬಣ್ಣದ ಶೆಡ್ಡಿನಲ್ಲಿ ಮೆಕ್ಯಾನಿಕ್ ಉದ್ದನೆಯ ಕೋಲಿನ ತುದಿಯಿಂದ ಸೂರಿನ ಡಿಟೆಕ್ಟರಿಗೆ ಹೊಗೆ ಊದಿದ. ಹೊಲಿಗೆ ಹಾಲಿನಲ್ಲಿ ಅಕ್ಕ ಪ್ಯಾನೆಲ್ಲನ್ನೇ ನೋಡುತ್ತಿದ್ದಳು. ಕೆಂಪು ದೀಪ ಹತ್ತಿತು. 'ಬಣ್ಣದ ಶೆಡ್ಡು: ಬೆಂಕಿ' ಎಂಬ ಅಕ್ಷರ ಮೂಡಿತು. ಮರುಕ್ಷಣ ತಲೆಯ ಮೇಲಿನ ಗಂಟೆ ಕಿವಿ ಕಿತ್ತುಹೋಗುವಂತೆ ಬಡಿಯಿತು. ಗೋದಾಮಿನದೂ ಬಡಿಯಿತು, ಆಫೀಸಿನದೂ ಬಡಿಯಿತು. ಹೆಂಗಸರು ಅರ್ಧ ಹೊಲಿದ ತೋಳುಗಳನ್ನು ಅಲ್ಲೇ ಬಿಟ್ಟು, ಈಗ ಬೀಗವಿಲ್ಲದ ಬಾಗಿಲನ್ನು ತಳ್ಳಿಕೊಂಡು ಅಂಗಳಕ್ಕೆ ಸುರಿದರು. ಅಳುತ್ತಿದ್ದರೋ ನಗುತ್ತಿದ್ದರೋ, ಅವರಿಗೇ ತಿಳಿಯುತ್ತಿರಲಿಲ್ಲ. ದಾರ ಕತ್ತರಿಸುವ ಅಜ್ಜಿ ಗಂಟೆಯ ಲಯಕ್ಕೆ ತಲೆದೂಗುತ್ತ, "ಹೊಡಿ, ನನ್ನಪ್ಪಾ, ಹೊಡಿ!" ಎನ್ನುತ್ತಿದ್ದಳು.

ಅಕ್ಕ ಮಾತ್ರ ಕೀ ಹಿಡಿದು ಅಂಗಳದಿಂದ ಹಾಲಿನತ್ತ ತಿರುಗಿ ನೋಡಿದಳು. ತಂಗಿ ಕೂರುತ್ತಿದ್ದ ಮೂಲೆ ಬಾಗಿಲಿಗೆ ಎಷ್ಟು ಹತ್ತಿರವಿತ್ತೆಂದು ಇವತ್ತೇ ಅವಳಿಗೆ ಕಂಡಿತು.

ಮ್ಯಾನೇಜರ್ ಓಡಿಬಂದ. "ಆಯ್ತಲ್ಲಮ್ಮ, ಬಡ್ಕೊಳ್ತು! ನಿಲ್ಸು ಇನ್ನು. ಸಾಹೇಬ್ರಿಗೆ ಫೋನ್ ಕೇಳಿಸ್ತಿಲ್ಲ."

"ಎಲ್ಲರೂ ಬಂದ್ಮೇಲೆ ನಿಲ್ಲಿಸ್ತೀನಿ ಸಾರ್."

"ಬಂದಿದ್ದಾರಲ್ಲ! ಇನ್ಯಾರು ಬರಬೇಕು?"

ಅಕ್ಕ ಮೇಲೆ ನೋಡಿದಳು. ಆಫೀಸಿನ ಗಾಜಿನ ಹಿಂದೆ ಮಾಲೀಕ ಒಂದು ಕಿವಿಗೆ ಫೋನು, ಇನ್ನೊಂದಕ್ಕೆ ಬೆರಳು ಕೊಟ್ಟು ನಿಂತಿದ್ದ.

"ಅವರು ಮಾಲೀಕ್ರು ಕಣೇ!"

"ಬೆಂಕಿಗೆ ಗೊತ್ತಾಗಬೇಕಲ್ಲ ಸಾರ್."

ಹೆಂಗಸರ ನಗು ಗಂಟೆಯನ್ನೂ ಮೀರಿಸಿತು. ಮ್ಯಾನೇಜರ್ ಮೆಕ್ಯಾನಿಕ್ಕಿನತ್ತ ತಿರುಗಿದ. ಅವನು ಕೋಲು ಒರೆಸುತ್ತ, "ಕೀ ಅಕ್ಕನ ಹತ್ರ ಇದೆ ಸಾರ್," ಎಂದ.

"ಬರೀ ಟೆಸ್ಟಿಂಗು ಕಣಮ್ಮ ಇದು!"

ನಗು ಒಮ್ಮೆಲೇ ನಿಂತಿತು. "'ಹೊಲೀರಿ' ಅನ್ನೋದೊಂದು ಬಾಕಿ ಉಳೀತು," ಎಂದಳು ಅಜ್ಜಿ. "ಅದನ್ನೂ ಅಂದ್ಬಿಡಪ್ಪ."

ಮ್ಯಾನೇಜರ್ ಅಕ್ಕನ ಮುಂದೆ ಬಂದ. ಕೈ ಚಾಚಿದ. "ಕೀ ಕೊಡು."

"ಕೊಡಲ್ಲ."

ಅಕ್ಕ ಕೀಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಎದೆಯ ಮೇಲೆ ಚುಚ್ಚಿಕೊಂಡಿದ್ದ ದಾರದ ಸೂಜಿ ತೆಗೆದು, ಅವನೆದುರಿಗೇ, ಆತುರವಿಲ್ಲದೆ, ಜೇಬಿನ ಬಾಯನ್ನು ಹೊಲಿಯತೊಡಗಿದಳು.