ಬಿಳಿ ಗೋಡೆಗೆ ಹೋದ ಹುಂಜ

ಜೋಗ್ಜಾ ಊರಿನಲ್ಲಿ, ಚೋಡೆ ಹೊಳೆಯ ದಂಡೆಯ ಗಲ್ಲಿಗಳಲ್ಲಿ, ಜರೋತ್‌ನ ಅಕ್ಷರ ನೋಡದವರಿರಲಿಲ್ಲ. ಸೇತುವೆಯ ಕಂಬ, ಅಂಗಡಿಯ ಶಟರು, ರೈಲು ಹಳಿಯ ಪಕ್ಕದ ಗೋಡೆ, ಎಲ್ಲಿ ನೋಡಿದರೂ ಅವನ ಹೆಸರು ಬೆಂಕಿಯ ನಾಲಗೆಗಳ ಹಾಗೆ ಮೇಲೆದ್ದು ನಿಂತಿರುತ್ತಿತ್ತು. ಅದೇ ಗಲ್ಲಿಯ ಹುಡುಗ ಸೆನೊನ ಕೈಗೆ ಮೊದಲು ಸ್ಪ್ರೇ ಡಬ್ಬಿ ಕೊಟ್ಟವನೂ ಅವನೇ. ಸೆನೊ ಅವನನ್ನು ಅಣ್ಣನೆಂದೇ ತಿಳಿದು 'ಮಾಸ್' ಎಂದು ಕರೆಯುತ್ತಿದ್ದ. ಅಕ್ಷರ ಎಷ್ಟು ತಿದ್ದಿದರೂ ಸೆನೊನ ಕೈಗೆ ಒಲಿಯಲಿಲ್ಲ. ಕಡೆಗೆ ಅವನು ಹುಂಜ ಬರೆಯತೊಡಗಿದ. ಕತ್ತು ನಿಗುರಿಸಿಕೊಂಡು, ಒಂದು ಕಾಲು ಎತ್ತಿ, ಈಗ ಹಾರಿ ಕುಕ್ಕೇಬಿಡುತ್ತದೆ ಅನ್ನುವಂಥ ಹುಂಜ.

ಆ ಹುಂಜದ ಜಾಡು ಹಿಡಿದು ಬು ರಿಯಾನಿ ಬಂದಳು. ಊರಿನ ದಕ್ಷಿಣಕ್ಕೆ ದೊಡ್ಡ ಚಿತ್ರ ಗ್ಯಾಲರಿ ಇಟ್ಟುಕೊಂಡ, ಎಲ್ಲರೂ ಗೌರವದಿಂದ 'ಬು' ಅಂದರೆ ಅಮ್ಮ ಎನ್ನುತ್ತಿದ್ದ ಹೆಂಗಸು. ಜರೋತ್‌ನ ಹೆಂಡತಿ ತುತಿಕ್‌ಳ ತಿಂಡಿಗಾಡಿಯ ಬೆಂಚಿನ ಮೇಲೆ ಕೂತು, ಶುಂಠಿ ಕಷಾಯ ಹೀರುತ್ತಾ, "ಸೇತುವೆ ಕೆಳಗಿನ ಹುಂಜ ಯಾರು ಬರೆದಿದ್ದು?" ಎಂದು ಕೇಳಿದಳು.

ಜರೋತ್ ತಾನೇ ಮುಂದೆ ನಿಂತು ಅವಳನ್ನು ಸೆನೊನ ಮನೆಗೆ ಕರೆದುಕೊಂಡು ಹೋದ. ಬೇಕೆಂದೇ ಸುತ್ತುದಾರಿ ಹಿಡಿದ. ಆ ದಾರಿಯ ಗೋಡೆಗಳ ಮೇಲೆಲ್ಲ ಇದ್ದದ್ದು ಅವನ ಅಕ್ಷರ. ಬು ರಿಯಾನಿ ಚಪ್ಪಲಿಗೆ ಕೆಸರು ಹತ್ತದಂತೆ ನೆಲ ನೋಡಿಕೊಂಡೇ ನಡೆದಳು.

ವರ್ಷ ತಿರುಗುವಷ್ಟರಲ್ಲಿ ಸೆನೊನ ಪ್ರದರ್ಶನ ಏರ್ಪಟ್ಟಿತು. ಗಲ್ಲಿಗೆ ಗಲ್ಲಿಯೇ ಹೊರಟಿತು.

"ನಂಗೆ ತಲೆನೋವು," ಅಂದ ಜರೋತ್.

"ನಿಂಗೆ ನೋವಿರೋದು ತಲೇಲಲ್ಲ. ಬಾತಿಕ್ ಅಂಗಿ ಹಾಕ್ಕೊಂಡು ಸುಮ್ನೆ ಏಳು," ಅಂದಳು ತುತಿಕ್.

ಗ್ಯಾಲರಿಯ ಗೋಡೆಗಳು ಹಾಲಿನಷ್ಟು ಬಿಳುಪಾಗಿದ್ದವು. ಅಷ್ಟು ಒಳ್ಳೆಯ ಗೋಡೆ ಕಂಡರೂ ಕೈಕಟ್ಟಿ ನಿಲ್ಲಬೇಕಾದದ್ದು ಜರೋತ್‌ಗೆ ಹೊಸದು. ಸೆನೊ ಯಾರಿಗೋ ತಲೆಬಾಗಿ, ಯಾರ ಜೊತೆಗೋ ಫೋಟೋಕ್ಕೆ ನಿಂತು, ಮದುಮಗನ ಹಾಗೆ ಬೆವರುತ್ತಿದ್ದ. ಅವನ ಕಾಲಲ್ಲಿ ಹೊಸ ಬೂಟು. ಜರೋತ್‌ನ ಕಣ್ಣು ಮೊದಲು ಹೋದದ್ದೇ ಆ ಬೂಟಿನ ಮೇಲೆ.

ಆಮೇಲೆ ನಡುಗೋಡೆಯ ಕ್ಯಾನ್ವಾಸು ಕಣ್ಣಿಗೆ ಬಿತ್ತು. ಆಳೆತ್ತರದ ಹುಂಜ, ಅದರ ಬೆನ್ನ ಹಿಂದೆ ಪಾಚಿಗಟ್ಟಿದ ಗೋಡೆ, ಆ ಗೋಡೆಯ ಮೇಲೆ ಜರೋತ್‌ನ ಹೆಸರು, ಜರೋತ್‌ನದೇ ಅಕ್ಷರದಲ್ಲಿ. ಅವನು ಇನ್ನೂ ಹತ್ತಿರ ಹೋದ. ಹುಂಜಕ್ಕೆ ಹಿನ್ನೆಲೆಯಾಗೋದಕ್ಕಾ ನಾನು ಇಷ್ಟು ವರ್ಷ ಬರೆದದ್ದು? ಅದೂ ಕೊನೆಯ ಅಕ್ಷರದ ಬಾಲ ತಪ್ಪಾಗಿತ್ತು. ಸೊಟ್ಟಗೆ, ಸತ್ತ ಹಲ್ಲಿಯ ಬಾಲದ ಹಾಗೆ ಜೋತುಬಿದ್ದಿತ್ತು.

ಜರೋತ್ ಜೇಬಿಗೆ ಕೈ ಹಾಕಿ ದಪ್ಪ ಮಾರ್ಕರ್ ತೆಗೆದ. ಯಾರಾದರೂ ತಡೆಯುವ ಮೊದಲೇ ಆ ಬಾಲವನ್ನು ಒಂದೇ ಎಳೆತದಲ್ಲಿ ತಿದ್ದಿ ಮೇಲಕ್ಕೆತ್ತಿದ. ಅದು ಹುಂಜದ ಕತ್ತನ್ನೂ ಸೀಳಿಕೊಂಡು ಹೋಯಿತು.

ಜನ ತಿರುಗಿ ನೋಡಿದರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಭಾಗವೇ ಇರಬೇಕೆಂದುಕೊಂಡು ಎಲ್ಲರೂ ತಟ್ಟಿದರು. ಬು ರಿಯಾನಿ ಓಡಿಬಂದು, "ಅದ್ಭುತ! ಮುಂದಿನ ಸಲ ಇಬ್ಬರದೂ ಸೇರಿಸಿ ಮಾಡೋಣ," ಅಂದಳು.

ಮುಖಕ್ಕೆ ಉಗಿದಿದ್ದರೂ ಜರೋತ್‌ಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಅವನು ಜನರನ್ನು ತಳ್ಳಿಕೊಂಡು ಹೊರಬಿದ್ದ.

ಮಾರನೆಯ ಬೆಳಿಗ್ಗೆ ಸೆನೊ ತಿಂಡಿಗಾಡಿಯ ಮುಂದೆ, ಜರೋತ್‌ನ ಪಕ್ಕ ಬಂದು ಕೂತ. ತುತಿಕ್ ಬಾಳೆಲೆಯ ಅನ್ನದ ಪೊಟ್ಟಣವನ್ನು ಅವನ ಮುಂದಿಟ್ಟು ಗಾಡಿಯ ಆ ಬದಿಗೆ ಸರಿದಳು.

"ಬೀದೀಲಿ ನನ್ನ ಹುಂಜದ ಮೇಲೆ ಯಾರಾದ್ರೂ ಹಾಗೆ ಗೀಚಿದ್ರೆ ನೀನೇ ಅವನ ಕೈ ಮುರೀತಿದ್ದೆ, ಮಾಸ್," ಅಂದ ಸೆನೊ.

"ಮುರಿ, ಬಾ. ಇಲ್ಲೇ ಇದೀನಿ."

"ನಿನ್ನ ಅಕ್ಷರ ಇಲ್ಲದೆ ಆ ಹುಂಜ ನಿಲ್ತಾನೇ ಇರ್ಲಿಲ್ಲ. ಅದಕ್ಕೇ ಹಾಕಿದೆ."

"ಕೇಳಬಹುದಿತ್ತಲ್ಲ?"

"ಕೇಳಿದ್ರೆ ಬೇಡ ಅಂತಿದ್ದೆ."

ಅದು ನಿಜವೇ. ಜರೋತ್ ಮುಖ ತಿರುಗಿಸಿದ. "ನಂಗೆ ಹೊಟ್ಟೆ ಉರಿಯುತ್ತೆ ಕಣೋ. ನಿನ್ನ ಬೂಟು ನೋಡಿದ್ರೂ ಉರಿಯುತ್ತೆ."

"ಗೊತ್ತು," ಅಂದ ಸೆನೊ, ಅನ್ನ ಕಲಸುತ್ತಾ. "ನಂಗೂ ಉರೀತಿತ್ತು. ನಿನ್ನ ಜೊತೆ ನಿಂತು ಬರೆದಾಗೆಲ್ಲ, ಮನೆಗೆ ಹೋಗಿ ಅಳ್ತಿದ್ದೆ. ನಿನ್ನ ಹಾಗೆ ಬರಿಯೋಕೆ ಆಗಲ್ಲ ಅಂತ ಗೊತ್ತಾದ ಮೇಲೇ ಕೋಳಿಗೆ ಕೈ ಹಾಕಿದ್ದು."

ಈ ಮಾತು ಕೇಳಿ ಜರೋತ್‌ಗೆ ಒಳಗೊಳಗೇ ಹಿತವಾಯಿತು. ಹಿತವಾದದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಬು ರಿಯಾನಿಯ ಜೋಡಿ ಪ್ರದರ್ಶನಕ್ಕೆ ಅವನು ಒಪ್ಪಲಿಲ್ಲ. ಸೆನೊ ಬಲವಂತ ಮಾಡಲಿಲ್ಲ. ಸೀಳಿದ ಕತ್ತಿನ ಆ ಕ್ಯಾನ್ವಾಸನ್ನು ಮಾತ್ರ ಅವನು ಮಾರಲಿಲ್ಲ, ತನ್ನ ಮನೆಯಲ್ಲೇ ತೂಗುಹಾಕಿಕೊಂಡ.

ಮಳೆಗಾಲ ಮುಗಿದ ಮೇಲೆ ಸೆನೊ ಇನ್ನೊಂದು ಪ್ರದರ್ಶನಕ್ಕೆಂದು ಸಿಂಗಪುರದ ವಿಮಾನ ಹತ್ತಿದ. ಆ ಭಾನುವಾರ ಜರೋತ್ ಯಾರೂ ಓಡಾಡದ ಹಳೆಯ ಗೋದಾಮಿನ ಹಿಂಬದಿಗೆ ಹೋಗಿ, ಜೀವನದಲ್ಲಿ ಮೊದಲ ಬಾರಿಗೆ ಅಕ್ಷರ ಬಿಟ್ಟು ಹಕ್ಕಿ ಬರೆದ. ಹುಂಜವನ್ನೇ ಬರೆದ. ಅಳಿಸಿದ, ಮತ್ತೆ ಬರೆದ. ಮಧ್ಯಾಹ್ನದ ಹೊತ್ತಿಗೆ ನೆರಳು ಹುಡುಕಿಕೊಂಡು ಅಲ್ಲಿಗೆ ಬಂದ ಬೆಚಾ ಎಂಬ ಸೈಕಲ್ ರಿಕ್ಷಾ ತುಳಿಯುವ ಮುದುಕನೊಬ್ಬ ಅದರ ಸೀಟಿನ ಮೇಲೆ ಕಾಲು ಚಾಚಿ ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ ಕಣಪ್ಪ. ಬಾತುಕೋಳಿ ಅಲ್ವಾ?"

ಜರೋತ್ ಎರಡು ಹೆಜ್ಜೆ ಹಿಂದೆ ಸರಿದು ತನ್ನ ಹುಂಜವನ್ನು ನೋಡಿದ. "ಹೂಂ ತಾತ, ಬಾತುಕೋಳೀನೇ," ಅಂದ. ಆಮೇಲೆ ಬಗ್ಗಿ ಅದರ ಕಾಲ್ಬೆರಳುಗಳ ನಡುವೆ ಜಾಲಪಾದದ ಚರ್ಮ ಬರೆಯತೊಡಗಿದ.