ದೇವರ ಪಾದದಲ್ಲಿದ್ದ ಹಾಲ್ ಟಿಕೆಟ್

ಹಾಲ್ ಟಿಕೆಟ್ಟನ್ನು ಹಟ್ಟಿಯ ದೇವರ ಪಾದದಲ್ಲಿ ಇಡಿಸಿದವಳು ಪಾತಮ್ಮನೇ. ಬೇಡವೆಂದ ಮಗಳನ್ನು ಗದರಿ ಇಡಿಸಿದ್ದಳು.

ಮಗಳು ಶಾಂತಕುಮಾರಿ ಚಳ್ಳಕೆರೆಯಲ್ಲಿ ಹತ್ತನೇ ಕ್ಲಾಸು ಓದುತ್ತ, ಶಾಲೆ ಬಿಟ್ಟ ಮೇಲೆ ಟೈಪಿಂಗ್ ಕಲಿಯುತ್ತಿದ್ದಳು. ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ಕೈಗೆ ಬಂದರೆ ದುಡಿದುಕೊಂಡು ಕಾಲೇಜು ಓದಲಿ, ಇಲ್ಲವಾದರೆ ಈ ಬೇಸಿಗೆಯಲ್ಲೇ ಮುದ್ದಪ್ಪನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎಂದು ಅಪ್ಪ ಕಾಮಣ್ಣ ಕಡ್ಡಿ ಮುರಿದಂತೆ ಹೇಳಿದ್ದ. ಮುದ್ದಪ್ಪ ಪಾತಮ್ಮನ ಒಡಹುಟ್ಟಿದ ತಮ್ಮ. ಕುರಿ ಕಾಯುವುದರಲ್ಲಿ ಗಟ್ಟಿಗ, ಮಿಕ್ಕಿದ್ದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಮಗಳು ಆಫೀಸಿನ ಕುರ್ಚಿಯಲ್ಲಿ ಕೂರಲಿ ಎಂಬ ಆಸೆ ಪಾತಮ್ಮನಿಗೆ ತಮ್ಮನ ಮೇಲಿನ ಅಕ್ಕರೆಗಿಂತ ದೊಡ್ಡದಿತ್ತು.

ಆ ಪರೀಕ್ಷೆಯ ದಿನ ಬೆಳಿಗ್ಗೆ ಬಯಲಿಗೆ ಹೋದ ಶಾಂತಕುಮಾರಿ ಹಟ್ಟಿಯ ಸುತ್ತಲ ಮುಳ್ಳುಬೇಲಿಯ ಆಚೆಯಿಂದಲೇ ಕರೆದಳು.

"ಅವ್ವ, ಹೊರಗಾಗೀನಿ. ಯಾರಿಗೂ ಹೇಳ್ಬ್ಯಾಡ. ಟಿಕೆಟ್ ತಂದ್ಕೊಡು, ಹಿಂಗೇ ಬಸ್ಸಿಗೆ ಹೋಗ್ತೀನಿ."

ಮುಟ್ಟಾದವರು ಮೂರು ದಿನ ಬೇಲಿಯೊಳಗೆ ಕಾಲಿಡುವಂತಿಲ್ಲ, ದೇವರದ್ದೇನನ್ನೂ ಮುಟ್ಟುವಂತಿಲ್ಲ. ಟಿಕೆಟ್ಟಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಪಾತಮ್ಮ ಗುಡಿಗೆ ಓಡಿದಳು. ಪೂಜಾರಿ ದೊಡ್ಡೀರಪ್ಪ ಟಿಕೆಟ್ಟಿಗೆ ಅಂಟಿದ್ದ ಹೂವನ್ನು ಬಿಡಿಸುತ್ತ, ದೇವರದ್ದೇನು ಕೊಡುವಾಗಲೂ ಮುಟ್ಟಿನ ಮೈಲಿಗೆ ಇಲ್ಲವೆಂದು ತಿಳಿಯಲು ಕೇಳುವ ಮಾತನ್ನೇ ಕೇಳಿದ.

"ಹುಡುಗಿ ಒಳಗವ್ಳೇನವ್ವ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸಂತೆಯಲ್ಲಿ ಮುದಿ ಕುರಿಯನ್ನು ಎಳೆಯದೆಂದು ಮಾರಿ ಬಂದ ಹೆಂಗಸು ಆಕೆ, ಸುಳ್ಳೇನು ಹೊಸದಲ್ಲ. ಆದರೆ ಗುಡಿಯ ಮುಂದೆ ನಾಲಿಗೆ ಏಳಲಿಲ್ಲ. ದೇವರು ಮುನಿದರೆ ಮಗಳಿಗೇ ಏನಾದರೂ ಆದೀತೆಂದು ಹೆದರಿದಳು.

"ಇಲ್ರೀ. ಬೆಳಿಗ್ಗೆ ಹೊರಗಾಗ್ಯಾಳೆ."

ದೊಡ್ಡೀರಪ್ಪ ಟಿಕೆಟ್ಟನ್ನು ಮತ್ತೆ ಪಾದದಲ್ಲಿಟ್ಟ. "ಮೈಲಿಗೆ ಕಳೀಲಿ, ಆಮ್ಯಾಲೆ ತಗ. ದೇವ್ರ ಹತ್ರ ಐತಲ್ಲ, ಎಲ್ಲಿಗ್ ಹೋಗ್ತೈತೆ?"

ಬಸ್ಸು ಹೋಯಿತು. ಬೇಲಿಯಾಚೆಯ ಮುಟ್ಟಿನ ಗುಡಿಸಲಲ್ಲಿ ಮಗಳು ತಾಯಿ ದೂರದಲ್ಲಿಟ್ಟು ಹೋದ ಮುದ್ದೆಯನ್ನು ನಾಯಿಗೆ ಹಾಕಿದಳು. ಅವಳು ಮಿಂದು ಬಂದ ಮೇಲೆ ದೊಡ್ಡೀರಪ್ಪ ಕುಂಕುಮ ಮೆತ್ತಿದ ಟಿಕೆಟ್ಟನ್ನು ಭಕ್ತಿಯಿಂದ ತಂದುಕೊಟ್ಟ. ಶಾಂತಕುಮಾರಿ ಕಣ್ಣಿಗೊತ್ತಿಕೊಂಡು ಅದನ್ನು ಅವ್ವನ ಮಡಿಲಿಗೆ ಹಾಕಿದಳು. ಪಾತಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಕಾಮಣ್ಣ ಆಡಿದ ಮಾತಿಗೆ ತಪ್ಪಲಿಲ್ಲ. ಮದುವೆಯ ದಿನ ಗುಡಿಯ ಮುಂದೆ ನೆಂಟರೆಲ್ಲ ನೆರೆದಿದ್ದರು. ಮುದ್ದಪ್ಪ ಹೊಸ ಪಂಚೆ ಉಟ್ಟು ಬೆವರುತ್ತ ಕೂತಿದ್ದ. ಪದ್ಧತಿಯಂತೆ ತಾಳಿಯನ್ನು ದೇವರ ಪಾದದಲ್ಲಿಟ್ಟಿದ್ದರು. ದೊಡ್ಡೀರಪ್ಪ ಅದನ್ನು ತರಲು ಒಳಗೆ ಹೋದಾಗ ಶಾಂತಕುಮಾರಿ ತಾಯಿಯ ಕಿವಿಗೆ ಬಾಗಿದಳು.

"ಅವ್ವ, ಹೊರಗಾಗೀನಿ. ಅವತ್ತು ಪೂಜಾರಿಗೆ ಹೇಳಿದಂಗೆ ಇವತ್ತೂ ಹೇಳು."

ಅಷ್ಟರಲ್ಲಿ ದೊಡ್ಡೀರಪ್ಪ ತಾಳಿ ಹಿಡಿದು ಬಂದ. "ಹುಡುಗಿ ಒಳಗವ್ಳೇನವ್ವ?"

ನೆರೆದ ನೆಂಟರು, ತಮ್ಮನ ಮುಖ, ಬೆಂದು ಕೂತ ಅನ್ನದ ಕೊಪ್ಪರಿಗೆ ಎಲ್ಲವೂ ಪಾತಮ್ಮನ ಕಣ್ಣಿಗೆ ಬಿದ್ದವು. ಮಗಳು ಅವಳ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

"ಹೂಂ" ಎಂದಳು ಪಾತಮ್ಮ.